‘ಶೂರ್’ಗಿಂತ ‘ಸಾರಿ’ಯೇ ಗಟ್ಟಿ

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ‘ಗ್ಲ್ಯಾಡ್’, ‘ಸಾರಿ’, ‘ಪ್ರೌಡ್’, ‘ಶೂರ್’, ‘ಸರ್ಟನ್’ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುವುದುಂಟು: ಮೊದಲು ಗುಣವಾಚಕ, ಆಮೇಲೆ ‘ದಟ್’, ಅದರ ಹಿಂದೊಂದು ಉಪವಾಕ್ಯ. ರಚನೆಯ ಮಟ್ಟಿಗೆ ಇದು ಸರಿ. ಆದರೆ ಅರ್ಥದ ಮಟ್ಟಿಗೆ ಇಲ್ಲಿ ಎರಡು ಬೇರೆ ಕುಲಗಳಿವೆ. ‘ಮೇರಿ ಈಸ್ ಶೂರ್ ದಟ್ ದ ಟ್ರೇನ್ ಹ್ಯಾಸ್ ಲೆಫ್ಟ್’ ಎಂದರೆ ರೈಲು ಹೊರಟಿದೆ ಎಂಬ ನಂಬಿಕೆ ಮೇರಿಯದು, ಅಷ್ಟೆ. ರೈಲು ಇನ್ನೂ ಪ್ಲಾಟ್‌ಫಾರ್ಮಿನಲ್ಲೇ ನಿಂತಿರಬಹುದು. ‘ಶೂರ್’ ತೆಗೆದು ‘ಸಾರಿ’ ಹಾಕಿದರೆ ರೈಲು ಹೊರಟೇ ಹೋಯಿತು. ನಿಜಕ್ಕೆ ಹೊಣೆ ನಿಲ್ಲುವುದು ಖಚಿತತೆಯ ಪದವಲ್ಲ, ಭಾವನೆಯ ಪದ.

ಇದನ್ನು ವ್ಯವಸ್ಥಿತವಾಗಿ ತೋರಿಸಿದವರು ಪಾಲ್ ಕಿಪಾರ್ಸ್ಕಿ ಮತ್ತು ಕ್ಯಾರಲ್ ಕಿಪಾರ್ಸ್ಕಿ. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ಹೆಸರು ‘ಫ್ಯಾಕ್ಟ್’. ಇಂಥ ಪದಗಳನ್ನು ಗುರುತಿಸಲು ನಿಷೇಧದ ಪರೀಕ್ಷೆ ಒಳ್ಳೆಯ ಸಾಧನ. ‘ಮೇರಿ ಈಸ್ ನಾಟ್ ಸಾರಿ’ ಎಂದರೂ ರೈಲು ಹೊರಟದ್ದು ಸುಳ್ಳಾಗುವುದಿಲ್ಲ. ಇಲ್ಲವಾಗುವುದು ಅವಳ ಬೇಸರ ಮಾತ್ರ. ಪ್ರಶ್ನೆಯಾಗಿ ಕೇಳಿದರೂ ಹಾಗೆಯೇ. ವಾಕ್ಯರಚನೆಯಲ್ಲೂ ಈ ಭೇದ ಕಾಣುತ್ತದೆ. ‘ಇಟ್ ಈಸ್ ಲೈಕ್ಲಿ ದಟ್ ಹಿ ವಿಲ್ ವಿನ್’ ಎಂಬುದನ್ನು ‘ಹಿ ಈಸ್ ಲೈಕ್ಲಿ ಟು ವಿನ್’ ಎಂದು ಮಾರ್ಪಡಿಸಬಹುದು. ‘ಲೈಕ್ಲಿ’ ಇದ್ದಲ್ಲಿ ‘ಟ್ರ್ಯಾಜಿಕ್’ ಇಟ್ಟರೆ ಆ ಮಾರ್ಪಾಡು ಕೆಡುತ್ತದೆ. ಬದಲಿಗೆ ‘ದ ಫ್ಯಾಕ್ಟ್ ದಟ್’ ಎಂದು ಆರಂಭವಾಗುವ ವಾಕ್ಯ ‘ಟ್ರ್ಯಾಜಿಕ್’ಗೆ ಸಲೀಸು, ‘ಲೈಕ್ಲಿ’ಗೆ ಒಗ್ಗದು. ಅರ್ಥದ ಗೆರೆಯೂ ವಾಕ್ಯರಚನೆಯ ಗೆರೆಯೂ ಹೀಗೆ ಒಂದೇ ಕಡೆ ಬೀಳುವುದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಆಕ್ಷೇಪಗಳಿವೆ. ಜನ ಇಲ್ಲದ ಸಂಗತಿಗೂ ಸಂತೋಷಪಡುತ್ತಾರಲ್ಲ? ಕೆಲಸ ಸಿಕ್ಕಿತೆಂದು ತಪ್ಪು ತಿಳಿದು ಹಿಗ್ಗಿದವನೂ ‘ಗ್ಲ್ಯಾಡ್’ ಆಗಿಯೇ ಇದ್ದ. ಹೌದು, ಆದರೆ ಹಾಗೆ ಹೇಳಬೇಕಾದವನು ‘ತಪ್ಪಾಗಿ ನಂಬಿ’ ಎಂಬಂಥ ಸುಳಿವು ಕೊಡಲೇಬೇಕು. ಇಲ್ಲದಿದ್ದರೆ ಕೇಳುಗ ಕೆಲಸ ಸಿಕ್ಕಿತೆಂದೇ ತಿಳಿಯುತ್ತಾನೆ. ‘ಶೂರ್’ಗೆ ಅಂಥ ಸುಳಿವು ಬೇಕಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 2022ರಲ್ಲಿ ಜೂಡಿತ್ ಡೇಗನ್ ಮತ್ತು ಜೂಡಿತ್ ಟೋನ್‌ಹೌಸರ್ 20 ಇಂಗ್ಲಿಷ್ ಪದಗಳನ್ನು ಸಾಮಾನ್ಯ ಓದುಗರ ತೀರ್ಪಿಗೆ ಒಡ್ಡಿದರು. ಎರಡು ಸ್ಪಷ್ಟ ಗುಂಪುಗಳು ಸಿಗಲಿಲ್ಲ, ಮೇಲಿನಿಂದ ಕೆಳಕ್ಕೆ ಒಂದು ಇಳಿಜಾರು ಸಿಕ್ಕಿತು. ಆದರೆ ಅವರು ಪರೀಕ್ಷಿಸಿದ್ದು ಬಹುಪಾಲು ಕ್ರಿಯಾಪದಗಳನ್ನು. ಪಟ್ಟಿಯಲ್ಲಿದ್ದ ಭಾವನೆಯ ಪದ ‘ಅನಾಯ್ಡ್’ ಆ ಇಳಿಜಾರಿನ ಮೇಲ್ಭಾಗದಲ್ಲೇ ನಿಂತಿತು. ನಡುವಿನ ಗಡಿ ಮಸುಕಾಗಿದೆ ಎಂದಮಾತ್ರಕ್ಕೆ ಎರಡು ತುದಿಗಳು ಇಲ್ಲವಾಗುವುದಿಲ್ಲ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೇಸರಕ್ಕೆ, ಹೆಮ್ಮೆಗೆ ಮೊದಲೇ ನಡೆದ ಏನಾದರೊಂದು ಬೇಕು. ಖಚಿತತೆಯ ಮಾತು ಬರುವುದೇ ಸಂಶಯಕ್ಕೆ ಎಡೆಯಿದ್ದಾಗ. ಕಣ್ಣೆದುರು ಮಳೆ ಸುರಿಯುತ್ತಿರುವಾಗ ‘ಮಳೆ ಬರುತ್ತಿರುವುದು ಖಚಿತ’ ಎಂದು ಯಾರೂ ಹೇಳುವುದಿಲ್ಲ. ‘ಮಸ್ಟ್’ ಬಳಸಿದ ಹೇಳಿಕೆ ನೇರ ಹೇಳಿಕೆಗಿಂತ ದುರ್ಬಲವೆಂದು ಲೌರಿ ಕಾರ್ಟುನೆನ್ 1972ರಲ್ಲೇ ಗಮನಿಸಿದ್ದರು. ‘ಶೂರ್’, ‘ಸರ್ಟನ್’ಗಳದ್ದೂ ಅದೇ ಪಾಡು. ಈ ಎರಡು ಕುಲಗಳನ್ನು ಒಂದೇ ಪಟ್ಟಿಯಲ್ಲಿ ಕಲಿಸುವ ವ್ಯಾಕರಣ ಇಂಗ್ಲಿಷಿನ ವಾಕ್ಯ ಕಟ್ಟುವುದನ್ನು ಕಲಿಸೀತು, ಆ ವಾಕ್ಯ ಏನನ್ನು ನಂಬಿಸುತ್ತಿದೆ ಎಂಬುದನ್ನು ಕಲಿಸದು.