ಆಲಿಸುವ ಸುರುಳಿ

ಮಕ್ಕಳೇ, ಬಾವಿಯ ಮೋಟಾರು ಕೆಟ್ಟಾಗ ಅದನ್ನು ಮಾರಂಡಹಳ್ಳಿಗೆ ರಿಪೇರಿಗಾಗಿ ಕೊಂಡೊಯ್ಯುವುದನ್ನು ನೀವು ನೋಡಿರಬಹುದು. ರಿಪೇರಿ ಮಾಡುವವರು ಸುಟ್ಟುಹೋದ ತಂತಿಯನ್ನು ಬಿಚ್ಚಿ ತೆಗೆಯುತ್ತಾರೆ. ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತುತ್ತಾರೆ. ಹೀಗೆ ಸುತ್ತಿದ ತಂತಿಗೆ ಸುರುಳಿ ಎನ್ನುತ್ತಾರೆ. ಸುರುಳಿಯಲ್ಲಿ ವಿದ್ಯುತ್ತು ಹರಿದರೆ ಅದು ಅಯಸ್ಕಾಂತದಂತೆ ವರ್ತಿಸುತ್ತದೆ.

ಸುರುಳಿಗೆ ಇನ್ನೊಂದು ಗುಣವೂ ಇದೆ. ಅದರ ಬಳಿ ಅಯಸ್ಕಾಂತವೊಂದು ತಿರುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ದೀಪ ಉರಿಯುವುದು ಹೀಗೆಯೇ. ಆದ್ದರಿಂದ ಸುರುಳಿ ಮಾತನಾಡಬಲ್ಲದು, ಆಲಿಸಲೂ ಬಲ್ಲದು. ಈ ಗುಣವನ್ನು ಬಳಸಿ ವಿಜ್ಞಾನಿಗಳು ಪರಮಾಣುವಿನ ದನಿಯನ್ನೇ ಕೇಳುತ್ತಾರೆ!

ನೀರಿನಲ್ಲಿ, ಟೊಮೇಟೊ ಹಣ್ಣಿನಲ್ಲಿ, ನಮ್ಮ ದೇಹದಲ್ಲಿ ಹೈಡ್ರೋಜನ್ ಪರಮಾಣುಗಳಿವೆ. ಪ್ರತಿಯೊಂದು ಪರಮಾಣುವಿನ ನಡುವೆ ಒಂದು ಬೀಜವಿದೆ. ಹೈಡ್ರೋಜನ್ನಿನ ಬೀಜವು ಒಂದು ಪುಟ್ಟ ಅಯಸ್ಕಾಂತ. ಬಲವಾದ ದೊಡ್ಡ ಅಯಸ್ಕಾಂತದೊಳಗೆ ಇಟ್ಟರೆ ಅದು ವಾಲಿದ ಬುಗುರಿಯಂತೆ ತೂಗಾಡುತ್ತಾ ಸುತ್ತುತ್ತದೆ. ಉಯ್ಯಾಲೆಯನ್ನು ಅದರ ತಾಳಕ್ಕೆ ತಕ್ಕಂತೆ ತಳ್ಳಿದರೆ ಚೆನ್ನಾಗಿ ಜೀಕುತ್ತದೆ ಅಲ್ಲವೇ? ಹಾಗೆಯೇ ಸುರುಳಿಯು ಸರಿಯಾದ ತಾಳದಲ್ಲಿ ರೇಡಿಯೋ ಅಲೆಯನ್ನು ಕಳುಹಿಸಿದರೆ ಬೀಜಗಳು ಓಗೊಡುತ್ತವೆ. ಈ ವಿಧಾನಕ್ಕೆ ಎನ್.ಎಂ.ಆರ್. ಎಂದು ಹೆಸರು. 1946ರಲ್ಲಿ ಅಮೆರಿಕದ ಬ್ಲಾಖ್ ಅವರ ತಂಡ ನೀರಿನಲ್ಲಿಯೂ, ಪರ್ಸೆಲ್ ಅವರ ತಂಡ ಮೇಣದಲ್ಲಿಯೂ ಇದನ್ನು ತೋರಿಸಿಕೊಟ್ಟವು. 1952ರಲ್ಲಿ ಇವರಿಬ್ಬರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು. ಆಸ್ಪತ್ರೆಯ ಎಂ.ಆರ್.ಐ. ಸ್ಕ್ಯಾನ್ ಕೂಡ ಇದೇ ತತ್ತ್ವದಿಂದ ಕೆಲಸ ಮಾಡುತ್ತದೆ.

ಮಾರಂಡಹಳ್ಳಿಯಲ್ಲಿ ರೈಲು ಹತ್ತಿದರೆ ರಾಯಕೋಟೆ, ಹೊಸೂರು ದಾಟಿ ಬೆಂಗಳೂರು ತಲುಪಬಹುದು. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ವಿಜ್ಞಾನಿ ಇದ್ದರು. ಅವರು ಕೊಳವೆಯಲ್ಲಿ ಹರಿಯುವ ನೀರಿನ ದನಿಯನ್ನು ಸುರುಳಿಯಿಂದ ಆಲಿಸಿದರು. ನಿಂತ ನೀರನ್ನು ಮತ್ತೆ ಮತ್ತೆ ಕೂಗಿದರೆ ಅದರ ಬೀಜಗಳು ದಣಿದಂತಾಗಿ ದನಿ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ ಹೊಸ ಬೀಜಗಳು ಬರುವುದರಿಂದ ದನಿ ಹೆಚ್ಚುತ್ತದೆ. ಇದನ್ನು ಅವರು 1951ರಲ್ಲಿ ಪ್ರಕಟಿಸಿದರು.

ದ್ರವದ ದನಿಯನ್ನು ಕೇಳುವುದು ಸುಲಭ. ಅದರ ಕಣಗಳು ಸದಾ ಉರುಳಾಡುತ್ತಿರುವುದರಿಂದ ದನಿ ಸ್ಪಷ್ಟವಾಗಿರುತ್ತದೆ. ಘನವಸ್ತುವಿನ ಕಣಗಳು ಹಾಗೆ ಉರುಳುವುದಿಲ್ಲ. ದನಿಗಳು ಸಂತೆಯ ಗದ್ದಲದಂತೆ ಕಲೆತುಹೋಗುತ್ತವೆ. ಅದಕ್ಕಾಗಿ ವಸ್ತುವನ್ನು ಸುಮಾರು 4 ಮಿಲಿಮೀಟರ್ ದಪ್ಪದ ಪುಟ್ಟ ಕೊಳವೆಯಲ್ಲಿ ತುಂಬಿ, 54.7 ಡಿಗ್ರಿ ವಾಲಿಸಿ, ಸೆಕೆಂಡಿಗೆ 10,000 ಸುತ್ತುಗಳಷ್ಟು ವೇಗವಾಗಿ ತಿರುಗಿಸುತ್ತಾರೆ. ಆಗ ಗದ್ದಲ ತಗ್ಗುತ್ತದೆ.

ಕೊಳವೆಯ ಸುತ್ತ ಸುರುಳಿ ಇರುತ್ತದೆ. ಅದು ಬೆರಳಿಗೆ ಉಂಗುರ ಹೊಂದುವಂತೆ ಹತ್ತಿರವಾಗಿರಬೇಕು. ದೂರವಿದ್ದರೆ ಪಿಸುಮಾತು ಕೇಳಿಸುವುದಿಲ್ಲ.

ಜೀವಿಗಳಿಂದ ತೆಗೆದ ವಸ್ತುವಾದರೆ ಇನ್ನೊಂದು ಅಪಾಯವಿದೆ. ಅದರಲ್ಲಿ ನೀರೂ ಉಪ್ಪೂ ಇರುತ್ತವೆ. ಹಲವು ಸುತ್ತುಗಳ ಸುರುಳಿಯಲ್ಲಿ ವೇಗದ ರೇಡಿಯೋ ಅಲೆ ಹರಿದಾಗ, ಕಾಂತಬಲದ ಜೊತೆಗೆ ಹೆಚ್ಚಿನ ವಿದ್ಯುತ್ ಬಲವೂ ಉಂಟಾಗುತ್ತದೆ. ಉಪ್ಪುನೀರಿನ ವಸ್ತುವನ್ನು ಅದು ಬಿಸಿಮಾಡುತ್ತದೆ. ಮೊಟ್ಟೆಯನ್ನು ಬೇಯಿಸಿದರೆ ಒಳಗಿನ ತಿಳಿ ಗಟ್ಟಿಯಾಗುತ್ತದೆ. ಆಮೇಲೆ ಅದು ಮೊದಲಿನಂತೆ ಆಗುವುದೇ? ಇಲ್ಲ. ಮೊಟ್ಟೆಯ ತಿಳಿಯಲ್ಲಿರುವಂತಹ ಪ್ರೋಟೀನುಗಳೇ ವಿಜ್ಞಾನಿಗಳ ಕೊಳವೆಯಲ್ಲೂ ಇರುತ್ತವೆ. ಅವು ಬೆಂದುಹೋದರೆ ತಿಂಗಳುಗಟ್ಟಲೆಯ ಶ್ರಮ ವ್ಯರ್ಥ.

ಹಾಗಾದರೆ ಏನು ಮಾಡುವುದು? ಸುರುಳಿಯ ಆಕಾರವನ್ನೇ ಬದಲಿಸಬೇಕು. ಅಮೆರಿಕದ ಫ್ಲೋರಿಡಾ ರಾಜ್ಯದ ಟಲ್ಲಹಾಸಿಯಲ್ಲಿ ಒಂದು ದೊಡ್ಡ ಕಾಂತ ಪ್ರಯೋಗಾಲಯವಿದೆ. ಅಲ್ಲಿಯವರು ಹೈಡ್ರೋಜನ್ನಿಗಾಗಿ ಹಲವು ಸುತ್ತುಗಳ ಬದಲು ಅಗಲವಾದ ಲೋಹದ ಪಟ್ಟಿಯ ಒಂದೇ ಬಳೆಯಂತಹ ಸುರುಳಿಯನ್ನು ಬಳಸಿದರು. ಉಳಿದ ಪರಮಾಣುಗಳಿಗೆ ಬೇರೊಂದು ಸುರುಳಿ ಇಟ್ಟರು. ವಿದ್ಯುತ್ ಬಲ ತಗ್ಗಿತು. ಕಾಂತಬಲ ಉಳಿಯಿತು. ವಸ್ತುವಿನ ಬಿಸಿ ಕಡಿಮೆಯಾಯಿತು. ಫ್ಲೂ ಜ್ವರದ ವೈರಸ್ಸಿನಲ್ಲಿರುವ ಎಂ2 ಎಂಬ ಪ್ರೋಟೀನಿನ ಆಕಾರವನ್ನು ಆ ಪ್ರಯೋಗಾಲಯದ ವಿಜ್ಞಾನಿಗಳು ಘನವಸ್ತು ಎನ್.ಎಂ.ಆರ್. ವಿಧಾನದಿಂದ ತಿಳಿದು 2010ರಲ್ಲಿ ಪ್ರಕಟಿಸಿದರು. ರೋಗಾಣುವಿನ ಆಕಾರ ತಿಳಿದರೆ ಅದನ್ನು ತಡೆಯುವ ಔಷಧ ಹುಡುಕಲು ದಾರಿಯಾಗುತ್ತದೆ.

ಮಕ್ಕಳೇ, ತಂತಿಯನ್ನು ಎಷ್ಟು ಸುತ್ತಬೇಕು, ಎಷ್ಟು ಹತ್ತಿರ ಸುತ್ತಬೇಕು, ಹೇಗೆ ಸುತ್ತಿದರೆ ಸುಡುವುದಿಲ್ಲ? ಮೋಟಾರು ರಿಪೇರಿ ಮಾಡುವವರು ಕೇಳಿಕೊಳ್ಳುವ ಪ್ರಶ್ನೆಗಳು ಇವು. ವಿಜ್ಞಾನಿಗಳೂ ಇವನ್ನೇ ಕೇಳಿಕೊಳ್ಳುತ್ತಾರೆ. ಮುಂದಿನ ಸಲ ತಂತಿ ಸುತ್ತುವುದನ್ನು ಕಂಡಾಗ ಒಂದು ಗಳಿಗೆ ನಿಂತು ನೋಡಿರಿ. ಸುತ್ತುಗಳನ್ನು ಎಣಿಸಿರಿ.

ಉತ್ತರಿಸಿರಿ
1. ಸುರುಳಿಯ ಎರಡು ಗುಣಗಳು ಯಾವುವು?
2. ನೀರು ಹರಿಯುವಾಗ ದನಿ ಏಕೆ ಹೆಚ್ಚುತ್ತದೆ?
3. ಜೀವಿಗಳಿಂದ ತೆಗೆದ ವಸ್ತು ಬಿಸಿಯಾಗಬಾರದು, ಏಕೆ?