ಫೋರ್ಕ್ ಕೆಟ್ಟಿದೆ ಎನ್ನುವ ಮುನ್ನ

ಮೌಂಟೇನ್ ಬೈಕ್‌ನ ಮುಂದಿನ ಫೋರ್ಕ್ ಗಡುಸಾದರೆ ಒಳಗೇನೋ ಮುರಿದಿರಬೇಕೆಂದು ಹೆಚ್ಚಿನವರು ಗಾಬರಿಯಾಗುತ್ತಾರೆ. ಅದರ ರಚನೆ ಗೊತ್ತಿದ್ದವರಿಗೆ ಈ ಗಾಬರಿ ಇರುವುದಿಲ್ಲ. ಸ್ಟ್ಯಾಂಶನ್ ಎಂಬ ಎರಡು ನುಣುಪು ಕೊಳವೆಗಳು ಕೆಳಗಿನ ಅಗಲವಾದ ಕಾಲುಗಳೊಳಗೆ ಜಾರುತ್ತವೆ. ಸಾಮಾನ್ಯವಾಗಿ ಒಂದು ಕಾಲಿನಲ್ಲಿ ಭಾರ ಹೊರುವ ಸ್ಪ್ರಿಂಗ್ ಅಥವಾ ಒತ್ತಿದ ಗಾಳಿ ಇರುತ್ತದೆ. ಇನ್ನೊಂದರಲ್ಲಿರುವ ಡ್ಯಾಂಪರ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಹಾಯಿಸಿ ಚಲನೆಯ ವೇಗವನ್ನು ಹಿಡಿದಿಡುತ್ತದೆ. ಇವೆರಡೂ ಗಟ್ಟಿಮುಟ್ಟಾದ ಭಾಗಗಳು. ಬೇಗ ಹದಗೆಡುವುದು ಗಾಳಿಯ ಒತ್ತಡ, ಸೀಲ್‌ಗಳ ಸ್ವಚ್ಛತೆ, ಕೊಳವೆ ಜಾರಲು ಬೇಕಾದ ಒಂದಿಷ್ಟು ಎಣ್ಣೆ. ಈ ಮೂರನ್ನೂ ಮನೆಯಲ್ಲೇ ಪರೀಕ್ಷಿಸಬಹುದು. ಅಂಗಡಿಗೆ ಒಯ್ಯುವ ಮುನ್ನ ಪರೀಕ್ಷಿಸಲೇಬೇಕು ಎನ್ನುವುದು ನನ್ನ ವಾದ.

ಮೊದಲು ಗಾಳಿ. ಸವಾರಿಯ ಉಡುಪಿನಲ್ಲಿ ಸುಮ್ಮನೆ ಕುಳಿತಾಗ ಫೋರ್ಕ್ ತನ್ನ ಒಟ್ಟು ಚಲನೆಯಲ್ಲಿ ಸುಮಾರು ಐದನೇ ಒಂದು ಭಾಗ ಕುಸಿಯಬೇಕು; ಇದನ್ನು ಸ್ಯಾಗ್ ಎನ್ನುತ್ತಾರೆ. 120 ಮಿಲಿಮೀಟರ್ ಫೋರ್ಕ್‌ಗೆ ಇದು 24 ಮಿಲಿಮೀಟರ್ ಆಗುತ್ತದೆ. ಸ್ಟ್ಯಾಂಶನ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಮೆಲ್ಲಗೆ ಹತ್ತಿ ಇಳಿದರೆ ಅಳತೆ ಸಿಗುತ್ತದೆ. ಉಂಗುರ ಇಲ್ಲದಿದ್ದರೆ ಸಡಿಲವಾಗಿ ಕಟ್ಟಿದ ಝಿಪ್ ಟೈ ಸಾಕು. ಗಾಳಿ ತುಂಬಲು ಶಾಕ್ ಪಂಪ್ ಬೇಕು, ಟೈರಿನ ಪಂಪ್ ಆಗದು. ಪಂಪ್ ಬಿಚ್ಚುವಾಗ ಬರುವ ಸದ್ದು ಕೇಳಿ ಗಾಳಿ ಹೋಯಿತೆಂದು ಮತ್ತೆ ತುಂಬುವವರಿದ್ದಾರೆ. ಸಾಮಾನ್ಯವಾಗಿ ಅದು ಪಂಪಿನ ಪೈಪಿನಲ್ಲಿದ್ದ ಗಾಳಿ, ಫೋರ್ಕಿನದಲ್ಲ. ಇನ್ನು ಒತ್ತಿದ ಫೋರ್ಕ್ ಮೇಲೇಳುವ ವೇಗವನ್ನು ಹೊಂದಿಸುವ ರಿಬೌಂಡ್ ತಿರುಪನ್ನು ಅತಿ ನಿಧಾನಕ್ಕೆ ತಿರುಗಿಸಿಟ್ಟರೆ, ಸಾಲು ಕಲ್ಲುಗಳ ಮೇಲೆ ಹೋಗುವಾಗ ಫೋರ್ಕ್ ಪೂರ್ತಿ ಮೇಲೇಳುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಫೋರ್ಕ್ ತಗ್ಗುತ್ತಾ ಹೋಗಿ ಕಲ್ಲಿನಂತಾಗುತ್ತದೆ. ಮುರಿದಿದೆ ಎಂದು ಜನ ತಂದು ತೋರಿಸುವ ಎಷ್ಟೋ ಫೋರ್ಕ್‌ಗಳ ಕಾಯಿಲೆ ಇಷ್ಟೇ ಇರಬಹುದು.

ಮುಂದಿನದು ಕೊಳೆ ಮತ್ತು ಎಣ್ಣೆ. ಮಳೆಗಾಲದಲ್ಲಿ ಮಲೆನಾಡಿನ ಕೆಮ್ಮಣ್ಣಿನಲ್ಲಿ ಓಡಿದ ಬೈಕ್‌ನ ಸೀಲಿನ ಅಂಚಿಗೆ ನುಣ್ಣನೆಯ ಕೆಸರು ಕಚ್ಚಿಕೊಳ್ಳುತ್ತದೆ. ಅದು ಒಣಗಿದ ಮೇಲೆ ಪ್ರತಿ ಚಲನೆಯಲ್ಲೂ ಕೊಳವೆಯ ಹೊಳಪನ್ನು ಉಜ್ಜುತ್ತದೆ. ಸವಾರಿ ಮುಗಿದೊಡನೆ ಒದ್ದೆ ಬಟ್ಟೆಯಿಂದ ಆ ಅಂಚನ್ನು ಒರೆಸುವುದು ಅತ್ಯುತ್ತಮ ಆರೈಕೆ. ಜೋರು ನೀರಿನ ಪೈಪ್ ಹಿಡಿದರೆ ಕೊಳೆ ಸೀಲಿನೊಳಕ್ಕೇ ಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಒಳಗಿನ ಎಣ್ಣೆ ಕೊಚ್ಚಿಹೋಗುತ್ತದೆ. ಗಾಳಿ ಸರಿಯಿದ್ದೂ ಫೋರ್ಕ್ ಮೊದಲ ಕ್ಷಣ ಅಂಟಿಕೊಂಡಂತಾದರೆ, ಸೀಲಿನ ಕೆಳಗಿರುವ ಸ್ಪಂಜಿನ ಉಂಗುರ ಒಣಗಿರುವ ಸಾಧ್ಯತೆ ಹೆಚ್ಚು. ಬೈಕನ್ನು ಸ್ವಲ್ಪ ಹೊತ್ತು ತಲೆಕೆಳಗಾಗಿ ನಿಲ್ಲಿಸಿದರೆ ಕಾಲಿನಲ್ಲಿರುವ ಎಣ್ಣೆ ಅದನ್ನು ನೆನೆಸುತ್ತದೆ. ಆಗಲೂ ಸರಿಹೋಗದಿದ್ದರೆ ಎಣ್ಣೆ ಬದಲಿಸುವ ಕಾಲ ಬಂದಿದೆ. ರಾಕ್‌ಶಾಕ್ಸ್ ಕಂಪನಿ ತನ್ನ ಹಲವು ಫೋರ್ಕ್‌ಗಳಿಗೆ 50 ಗಂಟೆ ಸವಾರಿಗೊಮ್ಮೆ ಕೆಳಗಿನ ಕಾಲುಗಳ ಸರ್ವಿಸ್ ಹೇಳುತ್ತದೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೆ ಅದು ಸುಮಾರು ಮೂರು ತಿಂಗಳು.

ಬಿಚ್ಚುವ ಕೆಲಸ ಮನೆಯಲ್ಲಿ ಅಪಾಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗಾಳಿಯನ್ನು ಪೂರ್ತಿ ತೆಗೆಯದೆ ಕೈಹಾಕಿದರೆ ಖಂಡಿತ ಅಪಾಯ. ಆದರೆ ಕೆಳಗಿನ ಕಾಲುಗಳನ್ನು ಕಳಚಿ, ಒರೆಸಿ, ಕೈಪಿಡಿ ಹೇಳಿದಷ್ಟೇ ಎಣ್ಣೆ ಹಾಕಿ, ಹೇಳಿದಷ್ಟೇ ಬಿಗಿಯಾಗಿ ಬೋಲ್ಟ್ ಕೂರಿಸುವುದು ತಾಳ್ಮೆಯಿರುವವರಿಗೆ ಅಸಾಧ್ಯವಲ್ಲ. ಡ್ಯಾಂಪರ್ ಬಿಚ್ಚುವುದನ್ನು ಮಾತ್ರ ತಿಳಿದವರಿಗೇ ಬಿಡಬೇಕು. ಅಗ್ಗದ ಸ್ಪ್ರಿಂಗ್ ಫೋರ್ಕ್‌ಗೆ ಇಷ್ಟೆಲ್ಲ ಏಕೆ ಎನ್ನುವವರೂ ಇದ್ದಾರೆ. ಅದರ ಮೇಲಿನ, ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಿಲೋಡ್ ತಿರುಪು ಸ್ಪ್ರಿಂಗಿನ ಗಡಸುತನವನ್ನು ಬದಲಿಸುವುದಿಲ್ಲ, ನಿಜ. ಆದರೂ ಒರೆಸಿ, ಸರಿಯಾದ ಗ್ರೀಸ್ ಹಚ್ಚಿದ ಅಗ್ಗದ ಫೋರ್ಕ್ ಒಣಗಿದ ದುಬಾರಿ ಫೋರ್ಕಿಗಿಂತ ಚೆನ್ನಾಗಿ ಜಾರುತ್ತದೆ.

ಕೆಲವು ಲಕ್ಷಣಗಳಿಗೆ ಮನೆಮದ್ದಿಲ್ಲ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸುತ್ತಾ ಸೀಲಿನ ಬಳಿ ಬೆರಳಿಡಿ. ಅಲ್ಲಿ ಸಡಿಲ ತಿಳಿದರೆ ಒಳಗಿನ ಬುಶಿಂಗ್ ಸವೆದಿದೆ. ಅಲುಗಾಟ ಹ್ಯಾಂಡಲ್‌ನ ಬುಡದಲ್ಲಿದ್ದರೆ ಹೆಡ್‌ಸೆಟ್ ಬಿಗಿ ಮಾಡಿದರೆ ಸಾಕು. ಸ್ಟ್ಯಾಂಶನ್ ಮೇಲಿನ ಗೆರೆ ಉಗುರಿಗೆ ಸಿಕ್ಕಿದರೆ ಅದು ಸೀಲನ್ನು ಕೊಯ್ಯುತ್ತಲೇ ಇರುತ್ತದೆ. ಎರಡು ಕಾಲುಗಳು ಕೂಡುವ ಮೇಲಿನ ಭಾಗದಲ್ಲಿ ಬಿರುಕು ಕಂಡರಂತೂ ಆ ಬೈಕನ್ನು ಮೆಕ್ಯಾನಿಕ್‌ ಬಳಿಗೂ ಓಡಿಸಿಕೊಂಡು ಹೋಗಬಾರದು, ತಳ್ಳಿಕೊಂಡೇ ಹೋಗಬೇಕು.