ಪಟ್ಟಿಯಲ್ಲಿಲ್ಲದ ಹೆಸರು

2010ರಲ್ಲಿ ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿ ಅಲ್ಲಿನ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಹಡಗು ಹತ್ತುವ ಮುನ್ನ ಇಲ್ಲಿ ಪರೀಕ್ಷೆಯಾಗಿ ಪಾಸಾಗಿದ್ದ ಹಣ್ಣೇ ಅದು. ಅದರಲ್ಲಿ ಕಂಡದ್ದು ಕ್ಲೋರ್ಮೆಕ್ವಾಟ್ ಕ್ಲೋರೈಡ್. ಬಳ್ಳಿಯ ಚಿಗುರು ಮಿತಿಮೀರಿ ಹಬ್ಬದಂತೆ ತಡೆಯಲು ಬಳಸುವ ಇದನ್ನು ಬೆಳೆಗಾರರು 'ಸಿಸಿಸಿ' ಎನ್ನುತ್ತಾರೆ. ನಮ್ಮ ಲ್ಯಾಬುಗಳು ಸುಳ್ಳು ವರದಿ ಕೊಟ್ಟಿರಲಿಲ್ಲ. ಅವು ಹುಡುಕಬೇಕಿದ್ದ ರಾಸಾಯನಿಕಗಳ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.

ಇಂದು ಬಹುತೇಕ ಲ್ಯಾಬುಗಳಲ್ಲಿ ನಡೆಯುವುದು 2003ರಲ್ಲಿ ಅನಸ್ತಾಸಿಯಾಡಿಸ್ ಮತ್ತು ಸಂಗಡಿಗರು ಪ್ರಕಟಿಸಿದ 'ಕ್ವೆಚರ್ಸ್' ವಿಧಾನ. ತೊಳೆಯದ ಹಣ್ಣನ್ನು ನುಣ್ಣಗೆ ರುಬ್ಬಿ, ಅದರಲ್ಲಿ 10 ಗ್ರಾಂ ತೆಗೆದುಕೊಂಡು, 10 ಮಿಲಿಲೀಟರ್ ಅಸಿಟೋನೈಟ್ರೈಲ್ ದ್ರಾವಕ ಸೇರಿಸಿ ಜೋರಾಗಿ ಕುಲುಕುತ್ತಾರೆ. ಆಮೇಲೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಅಡುಗೆ ಉಪ್ಪು. ಉಪ್ಪು ಬಿದ್ದೊಡನೆ ಹಣ್ಣಿನ ನೀರು ಕೆಳಗೆ, ದ್ರಾವಕ ಮೇಲೆ ನಿಲ್ಲುತ್ತದೆ. ನೂರಾರು ಬಗೆಯ ಕೀಟನಾಶಕಗಳು ದ್ರಾವಕದ ಜೊತೆ ಮೇಲೇರುತ್ತವೆ. ಆದರೆ ವಿದ್ಯುದಾವೇಶ ಹೊತ್ತ ಕ್ಲೋರ್ಮೆಕ್ವಾಟ್ ನೀರನ್ನು ಬಿಟ್ಟು ಬರುವುದಿಲ್ಲ. ಅದನ್ನು ಹಿಡಿಯಲು ಆಮ್ಲ ಬೆರೆಸಿದ ಮೆಥನಾಲಿನಲ್ಲಿ ಬೇರೆಯೇ ಪರೀಕ್ಷೆ ಮಾಡಬೇಕು.

ಮುಂದಿನ ಕೆಲಸ ಮಾಸ್ ಸ್ಪೆಕ್ಟ್ರೋಮೀಟರಿನದು. ಮೊದಲು ಒಂದು ಉದ್ದನೆಯ ಸಪೂರ ಕೊಳವೆಯಲ್ಲಿ ರಾಸಾಯನಿಕಗಳು ಒಂದೊಂದಾಗಿ ಬೇರ್ಪಟ್ಟು ಹೊರಬರುತ್ತವೆ. ಯಂತ್ರ ಅವಕ್ಕೆ ವಿದ್ಯುದಾವೇಶ ಕೊಟ್ಟು, ಹೇಳಿದ ತೂಕದ ಅಯಾನುಗಳನ್ನು ಮಾತ್ರ ಒಳಗೆ ಬಿಡುತ್ತದೆ. ಅವು ಅನಿಲದ ಕಣಗಳಿಗೆ ಡಿಕ್ಕಿ ಹೊಡೆದು ಒಡೆಯುತ್ತವೆ. ಚೂರುಗಳ ತೂಕವನ್ನೂ ನೋಡಲಾಗುತ್ತದೆ. ಕ್ಲೋರ್ಮೆಕ್ವಾಟಿನ ಅಯಾನಿನ ತೂಕ 122, ಅದರ ಮುಖ್ಯ ಚೂರಿನದು 58. ಹೊರಬಂದ ಹೊತ್ತು, ಎರಡು ಚೂರುಗಳು ಮತ್ತು ಅವುಗಳ ಅನುಪಾತ ಎಲ್ಲವೂ ತಾಳೆಯಾದರೆ ಮಾತ್ರ ಹೆಸರು ಖಚಿತ. ಕಿಲೋಗೆ 0.01 ಮಿಲಿಗ್ರಾಂ, ಅಂದರೆ 100 ಟನ್ ಹಣ್ಣಿನಲ್ಲಿ 1 ಗ್ರಾಂ ಇದ್ದರೂ ಅಳೆಯಬಲ್ಲ ಯಂತ್ರವಿದು. ಅಷ್ಟು ಸೂಕ್ಷ್ಮವಾಗಿದ್ದೂ ಇದರ ಕೆಲಸ ಶಾಲೆಯ ಹಾಜರಿಯಂತೆ: ಕೂಗಿದ ಹೆಸರಿಗಷ್ಟೇ ಉತ್ತರ.

ಹಾಗಾಗಿ 'ಪತ್ತೆಯಾಗಿಲ್ಲ' ಎಂಬ ಸಾಲನ್ನು ಓದುವಾಗ ಯಾವುದನ್ನು ಹುಡುಕಿದ್ದರು, ಎಷ್ಟರವರೆಗೆ ಅಳೆದಿದ್ದರು ಎಂದು ಕೇಳುವ ಹಕ್ಕು ಗ್ರಾಹಕನಿಗೂ ರೈತನಿಗೂ ಇರಲೇಬೇಕು. 2010ರಲ್ಲಿ ನಷ್ಟ ಉಂಡವರಲ್ಲಿ ಪರೀಕ್ಷೆಯ ಶುಲ್ಕ ಕಟ್ಟಿ, ವರದಿಯನ್ನು ನಂಬಿ ಮಾಲು ಕಳಿಸಿದವರೂ ಇದ್ದರು. ಕ್ಲೋರ್ಮೆಕ್ವಾಟಿನಂತೆ ಕಳೆನಾಶಕ ಗ್ಲೈಫೋಸೇಟ್ ಕೂಡ ಮಾಮೂಲಿ ಪರೀಕ್ಷೆಗೆ ಸಿಗುವುದಿಲ್ಲ. ದ್ರಾಕ್ಷಿಯ ಡೌನಿ ರೋಗಕ್ಕೆ ಎಲ್ಲೆಡೆ ಹೊಡೆಯುವ ಮ್ಯಾಂಕೊಜೆಬ್‌ನದು ಇನ್ನೊಂದು ಕಥೆ. ಅದನ್ನು ಆಮ್ಲದಲ್ಲಿ ಕಾಯಿಸಿ, ಹೊಮ್ಮುವ ಕಾರ್ಬನ್ ಡೈಸಲ್ಫೈಡನ್ನು ಅಳೆಯುತ್ತಾರೆ. ಆದರೆ ಝೈರಾಮ್, ಥೈರಾಮ್‌ಗಳಿಂದಲೂ ಅದೇ ಅನಿಲ ಬರುತ್ತದೆ. ತೋಟದಲ್ಲಿ ಯಾವುದನ್ನು ಹೊಡೆದಿದ್ದರು ಎಂಬುದು ಆ ಅಂಕಿಯಿಂದ ತಿಳಿಯದು; ರೈತನ ಸಿಂಪಡಣೆ ಪುಸ್ತಕವನ್ನೇ ತೆರೆಯಬೇಕು.